ಸಿಕ್ಕರೂ ಸಿಕ್ಕೀತು ಎಂಬ ಆಸೆಯ ಲೆಕ್ಕ

(ಉಪನ್ಯಾಸವೊಂದರ ಪಠ್ಯ)



ಇಂದಿನ ವಿಷಯ ಮೇಲ್ನೋಟಕ್ಕೆ ಪ್ರಯೋಗಶಾಲೆಗೆ ಸೇರಿದ್ದು. ಇಲಿ, ಪಾರಿವಾಳ, ಪೆಟ್ಟಿಗೆ, ಗುಂಡಿ ಇವುಗಳ ಕತೆ. ಆದರೆ ಗಾಳ ಹಾಕಿ ಕೆರೆಯ ದಂಡೆಯಲ್ಲಿ ಕೂತವರಿಗೆ, ಒಂದನೇ ತಾರೀಕಿನ ಸಂಬಳಕ್ಕೆ ಕಾದವರಿಗೆ, ಲಾಟರಿ ಟಿಕೆಟನ್ನು ಜೇಬಿನಲ್ಲಿಟ್ಟುಕೊಂಡು ನಿದ್ದೆಗೆಟ್ಟವರಿಗೆ, ಮಗುವಿನ ಹಟಕ್ಕೆ ಸೋತು ಮಿಠಾಯಿ ಕೊಡಿಸಿದವರಿಗೆ ಇದರ ಅನುಭವ ಆಗಲೇ ಆಗಿದೆ. ಅದಕ್ಕೊಂದು ಶಾಸ್ತ್ರವಿದೆ ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿರಲಾರದು.

ಮಾಡಿದ ಕೆಲಸಕ್ಕೆ ಪ್ರತಿಫಲ ಸಿಕ್ಕರೆ ಆ ಕೆಲಸವನ್ನು ಮತ್ತೆ ಮಾಡುತ್ತಾರೆ. ಇದು ಯಾರಿಗೂ ಗೊತ್ತಿರುವ ಮಾತು. ಆ ಪ್ರತಿಫಲ ಪ್ರತಿ ಸಲವೂ ಸಿಗುತ್ತದೆಯೋ, ಹತ್ತಕ್ಕೊಮ್ಮೆಯೋ, ಗಂಟೆಗೊಮ್ಮೆಯೋ, ಯಾವಾಗ ಎಂದು ಹೇಳಲು ಬಾರದ ಹಾಗೆಯೋ ಎಂಬುದರ ಮೇಲೆ ಕೆಲಸದ ವೇಗ, ಹಟ, ಬೇಸರ ಎಲ್ಲವೂ ನಿಂತಿವೆ. ಪ್ರತಿಫಲ ಕೊಟ್ಟು ನಡತೆಯನ್ನು ಬಲಪಡಿಸುವುದಕ್ಕೆ ಶಿಕ್ಷಕರ ತರಬೇತಿಯ ಪುಸ್ತಕಗಳಲ್ಲಿ ‘ಪುನರ್ಬಲನ’ ಎಂಬ ಹೆಸರಿದೆ. ಅದನ್ನು ಯಾವ ಲೆಕ್ಕದಲ್ಲಿ ಕೊಡಬೇಕು ಎಂಬುದೇ ಪುನರ್ಬಲನದ ಅನುಸೂಚಿ.

ಗುಳಿಗೆ ಸಾಲದಾದ ಶನಿವಾರ

ಈ ವಿಷಯಕ್ಕೆ ಬುನಾದಿ ಹಾಕಿದವರು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್. ಪೆನ್ಸಿಲ್ವೇನಿಯಾ ರಾಜ್ಯದ ಸಸ್ಕ್ವೆಹಾನಾ ಎಂಬ ಸಣ್ಣ ಊರಿನಲ್ಲಿ 1904ರಲ್ಲಿ ಹುಟ್ಟಿದವರು. ಸಾಹಿತಿಯಾಗಬೇಕೆಂಬ ಹಂಬಲದಿಂದ ಒಂದಷ್ಟು ಕಾಲ ಬರೆದು ನೋಡಿ, ಅದು ಕೈಹತ್ತದೆ ಮನೋವಿಜ್ಞಾನದ ಕಡೆಗೆ ಹೊರಳಿದರು. ಹಾರ್ವರ್ಡ್ ವಿಶ್ವವಿದ್ಯಾಲಯದಿಂದ 1931ರಲ್ಲಿ ಡಾಕ್ಟರೇಟ್ ಪಡೆದರು.

ಅವರಿಗಿಂತ ಮೊದಲು, 1898ರಲ್ಲಿ, ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಅಗುಳಿ ತೆಗೆದು ಹೊರಬರಲು ಅವು ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆಂದು ಅಳೆದಿದ್ದರು. ಹೊರಗೆ ಮೀನಿನ ಆಸೆ. ದಿನಗಳೆದಂತೆ ಬೆಕ್ಕುಗಳ ಪರದಾಟ ಕಡಿಮೆಯಾಯಿತು. ಸುಖ ಕೊಟ್ಟ ಕ್ರಿಯೆ ಉಳಿಯುತ್ತದೆ, ಉಳಿದವು ಉದುರುತ್ತವೆ ಎಂಬುದು ಥಾರ್ನ್‌ಡೈಕ್ ಕಂಡ ನಿಯಮ. ಸ್ಕಿನ್ನರ್ ಅದನ್ನೇ ಮುಂದುವರಿಸಿದರು. ಅವರ ಪೆಟ್ಟಿಗೆಯಲ್ಲಿ ಇಲಿಗೊಂದು ಸಣ್ಣ ಸನ್ನೆ. ಅದನ್ನು ಒತ್ತಿದರೆ ತಟ್ಟೆಗೆ ಒಂದು ಆಹಾರದ ಗುಳಿಗೆ ಬೀಳುತ್ತದೆ. ಒಂದೊಂದು ಒತ್ತಿಗೂ ಲೇಖನಿಯೊಂದು ಸುತ್ತುವ ಕಾಗದದ ಮೇಲೆ ಒಂದು ಕೂದಲೆಳೆಯಷ್ಟು ಮೇಲೇರುತ್ತದೆ. ಇಲಿ ಬೇಗಬೇಗ ಒತ್ತಿದರೆ ಗೆರೆ ಕಡಿದಾದ ಏರು. ಸುಮ್ಮನಿದ್ದರೆ ಗೆರೆ ಮಟ್ಟಸ. ಕಾಗದ ನೋಡಿದರೆ ಇಲಿಯ ಮನಸ್ಸಿನ ಓಟವೇ ಕಾಣಬೇಕು, ಅಂಥ ಉಪಕರಣ.

ಗುಳಿಗೆಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಔಷಧ ಅಂಗಡಿಯವರು ಮಾತ್ರೆ ಮಾಡುವಂಥ ಯಂತ್ರದಲ್ಲಿ ಸ್ಕಿನ್ನರ್ ತಾವೇ ಹಿಟ್ಟು ಒತ್ತಿ ತಯಾರಿಸಬೇಕಾಗಿತ್ತು. ಎಂಟು ಇಲಿಗಳು ದಿನಕ್ಕೆ ತಲಾ ನೂರರಂತೆ ತಿಂದರೆ ಮಾಡಿದ್ದೆಲ್ಲ ಅಲ್ಲಲ್ಲಿಗೇ ಸರಿ. ಒಂದು ಶನಿವಾರ ಮಧ್ಯಾಹ್ನ ದಾಸ್ತಾನು ಎಣಿಸಿ ನೋಡಿದರು. ಸಂಜೆಯವರೆಗೂ ಯಂತ್ರದ ಮುಂದೆ ಕೂರದಿದ್ದರೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಗುಳಿಗೆ ಖಾಲಿ ಎಂದು ಲೆಕ್ಕ ಹೇಳಿತು. ಆಗ ಅವರಿಗೊಂದು ಪ್ರಶ್ನೆ ಹುಟ್ಟಿತು: ಪ್ರತಿ ಒತ್ತಿಗೂ ಗುಳಿಗೆ ಕೊಡಲೇಬೇಕೆ? ನಿಮಿಷಕ್ಕೊಂದರಂತೆ ಕೊಟ್ಟರೆ ಏನಾದೀತು? ಕೊಟ್ಟು ನೋಡಿದರು. ಇಲಿಗಳು ಒತ್ತುವುದನ್ನು ಬಿಡಲಿಲ್ಲ. ಒಂದು ಹದವಾದ ವೇಗ ಹಿಡಿದು ಒತ್ತುತ್ತಲೇ ಇದ್ದವು. ಈ ಕತೆಯನ್ನು ಸ್ಕಿನ್ನರ್ 1956ರ ಒಂದು ಲೇಖನದಲ್ಲಿ ತಾವೇ ವಿನೋದದಿಂದ ಹೇಳಿಕೊಂಡಿದ್ದಾರೆ. ಕೈಕೆಲಸ ಉಳಿಸಲು ಮಾಡಿದ ಉಪಾಯ ಒಂದು ಶಾಸ್ತ್ರದ ಬಾಗಿಲು ತೆರೆಯಿತು.

ನಾಲ್ಕು ಬಗೆಯ ಲೆಕ್ಕ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಕಿನ್ನರ್ ಇಲಿ ಬಿಟ್ಟು ಪಾರಿವಾಳ ಹಿಡಿದರು. ಗುರಿಯ ಚಿತ್ರವನ್ನು ಕುಕ್ಕುತ್ತಾ ಬಾಂಬನ್ನು ಗುರಿಯತ್ತ ಒಯ್ಯುವಂತೆ ಪಾರಿವಾಳಗಳನ್ನು ಪಳಗಿಸುವ ಯೋಜನೆ ಅದು. ಒಂದು ಹಕ್ಕಿ 45 ನಿಮಿಷಗಳಲ್ಲಿ 10,000ಕ್ಕೂ ಹೆಚ್ಚು ಸಲ ಕುಕ್ಕಿದ್ದುಂಟು. ಸೇನೆ ಯೋಜನೆಯನ್ನು ಕೈಬಿಟ್ಟಿತು. ಪಾರಿವಾಳಗಳು ಪ್ರಯೋಗಶಾಲೆಯಲ್ಲೇ ಉಳಿದವು.

ಯುದ್ಧಾನಂತರ ಹಾರ್ವರ್ಡ್‌ನಲ್ಲಿ ಚಾರ್ಲ್ಸ್ ಫರ್‌ಸ್ಟರ್ ಅವರೊಡನೆ ಸೇರಿ ಸ್ಕಿನ್ನರ್ ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಫಲಿತಾಂಶ 1957ರಲ್ಲಿ ‘ಷೆಡ್ಯೂಲ್ಸ್ ಆಫ್ ರಿಇನ್‌ಫೋರ್ಸ್‌ಮೆಂಟ್’ ಎಂಬ ದಪ್ಪ ಪುಸ್ತಕವಾಗಿ ಬಂತು. ಸುಮಾರು 70,000 ಗಂಟೆಗಳ ದಾಖಲೆ, ಸುಮಾರು 25 ಕೋಟಿ ಕುಕ್ಕುಗಳು ಅದರ ಹಿಂದಿದ್ದವು. ಪುಟ ತಿರುವಿದರೆ ಮಾತಿಗಿಂತ ಹೆಚ್ಚಾಗಿ ಗೆರೆಗಳೇ ಕಾಣುತ್ತವೆ. ಆ ಗೆರೆಗಳನ್ನು ಒಟ್ಟು ಮಾಡಿದರೆ ನಾಲ್ಕು ಮುಖ್ಯ ಬಗೆಗಳು ನಿಲ್ಲುತ್ತವೆ.

ಮೊದಲನೆಯದು ಸ್ಥಿರ ಅನುಪಾತ. ಇಷ್ಟು ಕೆಲಸಕ್ಕೆ ಇಷ್ಟು ಫಲ. ಐವತ್ತು ಸಲ ಕುಕ್ಕಿದರೆ ಒಂದು ಬಾರಿ ಕಾಳು. ಕರಾವಳಿಯಲ್ಲಿ ಬೀಡಿ ಕಟ್ಟುವವರಿಗೆ ಸಾವಿರ ಬೀಡಿಗೆ ಇಂತಿಷ್ಟು ಮಜೂರಿ ಎನ್ನುವುದು ಇದೇ ಲೆಕ್ಕ. ಇದರಲ್ಲಿ ಕೆಲಸ ವೇಗವಾಗಿ ಸಾಗುತ್ತದೆ. ಫಲ ಸಿಕ್ಕಿದೊಡನೆ ಮಾತ್ರ ಹಕ್ಕಿ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಮುಂದಿನ ಕಂತು ದೊಡ್ಡದಿದ್ದಷ್ಟೂ ಈ ಮೌನ ಉದ್ದ. ಒಂದು ಸಾವಿರ ಮುಗಿಸಿದವರು ಎರಡನೆಯದಕ್ಕೆ ಕೈಹಾಕುವ ಮುನ್ನ ಬೆನ್ನು ನೆಟ್ಟಗೆ ಮಾಡಿಕೊಂಡಂತೆ. ಲೆಕ್ಕವನ್ನು ಏಕಾಏಕಿ ಏರಿಸುತ್ತಾ ಹೋದರೆ ಹಕ್ಕಿ ಕುಕ್ಕುವುದನ್ನೇ ನಿಲ್ಲಿಸಿಬಿಡುತ್ತದೆ. ಇದನ್ನು ಸ್ಕಿನ್ನರ್ 1953ರ ತಮ್ಮ ಪುಸ್ತಕದಲ್ಲಿ ಕಾರ್ಖಾನೆಗಳ ತುಂಡುಗೆಲಸದ ಕೂಲಿಗೆ ಹೋಲಿಸಿ ಚರ್ಚಿಸಿದ್ದರು.

ಎರಡನೆಯದು ಸ್ಥಿರ ಅವಧಿ. ಇಲ್ಲಿ ಎಣಿಕೆ ಕೆಲಸದ್ದಲ್ಲ, ಹೊತ್ತಿನದು. ಐದು ನಿಮಿಷ ಕಳೆದ ಮೇಲೆ ಮೊದಲು ಕುಕ್ಕಿದ್ದಕ್ಕೆ ಕಾಳು. ಅದಕ್ಕೆ ಮೊದಲು ಎಷ್ಟು ಕುಕ್ಕಿದರೂ ಪ್ರಯೋಜನವಿಲ್ಲ. ಹಕ್ಕಿ ಇದನ್ನು ಬೇಗ ಕಲಿಯುತ್ತದೆ. ಆರಂಭದಲ್ಲಿ ಅಡ್ಡಾಡುತ್ತದೆ, ಹೊತ್ತು ಹತ್ತಿರ ಬಂದಂತೆ ಕುಕ್ಕುವಿಕೆ ಬಿರುಸಾಗುತ್ತದೆ. ಕಾಗದದ ಮೇಲೆ ಗೆರೆ ಕುಡುಗೋಲಿನಂತೆ ಬಾಗುತ್ತದೆ. ಜೂನ್‌ನಲ್ಲಿ ಪುಸ್ತಕಕ್ಕೆ ಬೈಂಡು ಹಾಕಿಸಿ, ಪರೀಕ್ಷೆಯ ವಾರದಲ್ಲಿ ಅದನ್ನು ತೆರೆಯುವ ವಿದ್ಯಾರ್ಥಿಯ ಓದೂ ಹೀಗೆಯೇ ಬಾಗಿರುತ್ತದೆ. 1972ರಲ್ಲಿ ಪಾಲ್ ವೈಸ್‌ಬರ್ಗ್ ಮತ್ತು ಫಿಲಿಪ್ ವಾಲ್ಡ್ರಾಪ್ ಎಂಬ ಸಂಶೋಧಕರು 1947ರಿಂದ 1968ರ ನಡುವಿನ ಅಮೆರಿಕದ ಸಂಸತ್ತಿನ ಅಧಿವೇಶನಗಳನ್ನು ತೆಗೆದುಕೊಂಡು ಮಸೂದೆಗಳು ಅಂಗೀಕಾರವಾದ ಲೆಕ್ಕ ಹಾಕಿದರು. ಅಧಿವೇಶನದ ಮೊದಲ ತಿಂಗಳುಗಳಲ್ಲಿ ಆಮೆ, ಮುಗಿಯುವ ಹೊತ್ತಿಗೆ ಮೊಲ. ಗೆರೆ ಪಾರಿವಾಳದ್ದನ್ನೇ ಹೋಲುತ್ತಿತ್ತು. ಗಡುವಿಗೆ ಓಡುವ ಮನುಷ್ಯ, ಕಾಳಿಗೆ ಕುಕ್ಕುವ ಹಕ್ಕಿ ಎರಡೂ ಒಂದೇ ಅಲ್ಲ ಎಂದು ಅನಂತರ ಬೇರೆಯವರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳಿದೆ. ಆದರೂ ಹೋಲಿಕೆ ಮರೆಯುವಂಥದ್ದಲ್ಲ.

ಮೂರನೆಯದು ಚರ ಅವಧಿ. ಫಲಕ್ಕೆ ಕಾಯಬೇಕು, ಎಷ್ಟು ಹೊತ್ತು ಎಂಬುದು ಪ್ರತಿ ಸಲವೂ ಬೇರೆ. ಊರಿನಿಂದ ಬರಬೇಕಾದ ಕಾಗದಕ್ಕಾಗಿ ದಿನವೂ ಅಂಚೆಯವನ ದಾರಿ ನೋಡುವವರ ಸ್ಥಿತಿ ಇದು. ಇಲ್ಲಿ ಅವಸರವಿಲ್ಲ, ವಿರಾಮವೂ ಇಲ್ಲ. ನಿಧಾನವಾದ ಒಂದೇ ಸಮನಾದ ಗತಿ.

ನಾಲ್ಕನೆಯದು ಚರ ಅನುಪಾತ. ಸರಾಸರಿ ಐವತ್ತಕ್ಕೊಮ್ಮೆ ಕಾಳು ಎಂದಿಟ್ಟುಕೊಳ್ಳಿ. ಒಮ್ಮೆ ಮೂರನೆಯ ಕುಕ್ಕಿಗೇ ಸಿಗಬಹುದು, ಇನ್ನೊಮ್ಮೆ ನೂರಾದರೂ ಸಿಗದಿರಬಹುದು. ಮುಂದಿನದೇ ಆ ಕುಕ್ಕು ಆಗಿದ್ದರೆ? ನಿಂತರೆ ನಷ್ಟ, ನಿಧಾನಿಸಿದರೂ ನಷ್ಟ. ಹಕ್ಕಿ ಬಿಡುವಿಲ್ಲದೆ, ಅತಿ ವೇಗದಲ್ಲಿ ಕುಕ್ಕುತ್ತದೆ. ನಾಲ್ಕರಲ್ಲಿ ಜೂಜಿಗೆ ಹತ್ತಿರವಾದದ್ದು ಇದೇ.

ಫಲ ನಿಂತರೂ ನಿಲ್ಲದ ಕೈ

ಸಂಶೋಧಕರನ್ನು ಅತಿ ಹೆಚ್ಚು ಕಾಡಿದ ಸಂಗತಿ ಇನ್ನೊಂದಿದೆ. ಫಲ ಕೊಡುವುದನ್ನು ಪೂರ್ತಿ ನಿಲ್ಲಿಸಿದರೆ ಏನಾಗುತ್ತದೆ? ಸ್ಕಿನ್ನರ್‌ಗೆ ಇದರ ಮೊದಲ ಗೆರೆ ಸಿಕ್ಕಿದ್ದೂ ಆಕಸ್ಮಿಕವಾಗಿ. ಗುಳಿಗೆ ಬೀಳಿಸುವ ಉಪಕರಣ ಸಿಕ್ಕಿಕೊಂಡು, ಇಲಿ ಬರಿದೇ ಒತ್ತಿ ಒತ್ತಿ ಕೊನೆಗೆ ಸೋತಿತ್ತು.

ಪ್ರತಿ ಸಲವೂ ಫಲ ಪಡೆದ ಪ್ರಾಣಿ, ಫಲ ನಿಂತರೆ ಬೇಗ ಕೈಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ಪಡೆದದ್ದು ಬಹಳ ಕಾಲ ಬಿಡುವುದಿಲ್ಲ. ಹೆಚ್ಚು ಕೊಟ್ಟವನಿಗೆ ಹೆಚ್ಚು ನಿಷ್ಠೆ ಸಿಗಬೇಕಲ್ಲವೆ? ಇಲ್ಲಿ ತಿರುಗುಮುರುಗು. 1939ರಲ್ಲಿ ಲಾಯ್ಡ್ ಹಂಫ್ರೀಸ್ ಮನುಷ್ಯರಲ್ಲೂ, ರೆಪ್ಪೆ ಮಿಟುಕಿಸುವ ಸರಳ ಪ್ರಯೋಗದಲ್ಲಿ, ಇದನ್ನು ತೋರಿಸಿದರು.

ಕಾರಣ ಊಹಿಸುವುದು ಕಷ್ಟವಲ್ಲ. ನಲ್ಲಿಯಲ್ಲಿ ದಿನವೂ ನೀರು ಬರುವ ಬೀದಿಯವರು ಒಂದು ದಿನ ಬಾರದಿದ್ದರೆ ಏನೋ ಕೆಟ್ಟಿದೆ ಎಂದು ತಿಳಿಯುತ್ತಾರೆ. ಎಂದೋ ಒಮ್ಮೆ ಬರುವ ಬೀದಿಯವರಿಗೆ ಇಂದು ಬಾರದ್ದು ಸುದ್ದಿಯೇ ಅಲ್ಲ. ಕೊಡವನ್ನು ನಲ್ಲಿಯ ಕೆಳಗೇ ಇಟ್ಟಿರುತ್ತಾರೆ. ಮತ್ತೊಂದು ವಿವರಣೆ ಅಬ್ರಾಮ್ ಆಮ್ಸೆಲ್ ಎಂಬ ಮನೋವಿಜ್ಞಾನಿಯದು. ಸಿಗದಿದ್ದಾಗಿನ ನಿರಾಸೆಯನ್ನು ನುಂಗಿಕೊಂಡು ಮುಂದುವರಿದಾಗ ಫಲ ಸಿಕ್ಕರೆ, ನಿರಾಸೆಯೇ ಮುಂದುವರಿಯಲು ಸೂಚನೆಯಾಗಿಬಿಡುತ್ತದೆ ಎಂದು ಅವರು ಹೇಳಿದರು.

ಮಗುವಿನ ಹಟದ ಗುಟ್ಟೂ ಇಲ್ಲಿದೆ. ಒಂಬತ್ತು ಸಲ ‘ಬೇಡ’ ಎಂದು ಹತ್ತನೆಯ ಸಲ ರೇಗಿ ಮಿಠಾಯಿ ಕೊಡಿಸಿದ ತಂದೆತಾಯಿ, ತಾವು ಒಂಬತ್ತು ಸಲ ಗೆದ್ದೆವೆಂದು ತಿಳಿಯುತ್ತಾರೆ. ಮಗು ಕಲಿತದ್ದು ಹತ್ತು ಸಲ ಅಳಬೇಕೆಂಬುದನ್ನು.

ಕಾಗೆ ಕೂತದ್ದು, ಟೊಂಗೆ ಮುರಿದದ್ದು

1948ರಲ್ಲಿ ಸ್ಕಿನ್ನರ್ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಹಸಿದ ಎಂಟು ಪಾರಿವಾಳಗಳು. ಈ ಸಲ ಅವು ಏನನ್ನೂ ಮಾಡಬೇಕಾಗಿರಲಿಲ್ಲ. ಏನು ಮಾಡಿದರೂ ಮಾಡದಿದ್ದರೂ ಗೊತ್ತಾದ ಹೊತ್ತಿಗೆ, ಬಹುಪಾಲು 15 ಸೆಕೆಂಡಿಗೊಮ್ಮೆ, ಕಾಳು ಬರುತ್ತಿತ್ತು. ಆದರೆ ಎಂಟರಲ್ಲಿ ಆರು ಹಕ್ಕಿಗಳು ಒಂದೊಂದು ವಿಚಿತ್ರ ಆಚಾರ ಹಿಡಿದವು. ಒಂದು ಅಪ್ರದಕ್ಷಿಣವಾಗಿ ಸುತ್ತುತ್ತಿತ್ತು. ಇನ್ನೊಂದು ಗೂಡಿನ ಮೇಲಿನ ಮೂಲೆಗೆ ತಲೆ ಚಾಚುತ್ತಿತ್ತು. ಎರಡು ಹಕ್ಕಿಗಳು ಗಡಿಯಾರದ ಲೋಲಕದಂತೆ ತೂಗುತ್ತಿದ್ದವು. ಕಾಳು ಬಿದ್ದ ಗಳಿಗೆಯಲ್ಲಿ ತಾವು ಏನು ಮಾಡುತ್ತಿದ್ದವೋ ಅದರಿಂದಲೇ ಕಾಳು ಬಂತೆಂದು ನಂಬಿದ ಹಾಗೆ.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಕನ್ನಡದ ಗಾದೆ ಇದನ್ನು ಮೊದಲೇ ಹೇಳಿಬಿಟ್ಟಿದೆ. ಸ್ಕಿನ್ನರ್ ಇದನ್ನು ಮೂಢನಂಬಿಕೆಯ ಹುಟ್ಟು ಎಂದು ಕರೆದರು. ಜಾನ್ ಸ್ಟ್ಯಾಡನ್ ಮತ್ತು ವರ್ಜೀನಿಯಾ ಸಿಮೆಲ್‌ಹ್ಯಾಗ್ 1971ರಲ್ಲಿ ಅದೇ ಪ್ರಯೋಗವನ್ನು ಇನ್ನಷ್ಟು ಎಚ್ಚರದಿಂದ ಮಾಡಿ, ಆ ಚೇಷ್ಟೆಗಳಲ್ಲಿ ಬಹಳಷ್ಟು ಹಸಿದ ಹಕ್ಕಿ ಸಹಜವಾಗಿ ಮಾಡುವಂಥವೇ, ಕಾಕತಾಳೀಯವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು ಎಂದು ತೋರಿಸಿದರು. ಶಾಸ್ತ್ರ ಬೆಳೆಯುವುದು ಹೀಗೆ, ತನ್ನ ಮೂಲಪುರುಷನನ್ನೂ ತಿದ್ದುತ್ತಾ.

ಯಂತ್ರದ ಮುಂದಿನ ಮನುಷ್ಯ

ಜೂಜು ಪಾರಿವಾಳದ ಪ್ರಯೋಗಕ್ಕಿಂತ ಬಹಳ ಹಳೆಯದು. ಋಗ್ವೇದದಲ್ಲೇ ಜೂಜುಕೋರನ ಅಳಲಿನ ಸೂಕ್ತವೊಂದಿದೆ. ಮೂರು ಚಕ್ರಗಳು ತಿರುಗುವ ನಾಣ್ಯದ ಯಂತ್ರಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಬಂದವು. ಅವನ್ನು ಮಾಡಿದವರು ಮನೋವಿಜ್ಞಾನ ಓದಿರಲಿಲ್ಲ. ಆದರೆ ಅವರು ಮುಟ್ಟಿದ್ದು ಈ ನಾಲ್ಕನೆಯ ಲೆಕ್ಕವನ್ನೇ.

ಇಲ್ಲೊಂದು ಸೂಕ್ಷ್ಮವಿದೆ. ಯಂತ್ರದ ಪ್ರತಿ ಎಳೆತವೂ ಬೇರೆ ಬೇರೆ. ಹಿಂದಿನ ಸೋಲಿನ ನೆನಪು ಯಂತ್ರಕ್ಕಿಲ್ಲ. ‘ಇಷ್ಟು ಹೊತ್ತು ಬಂದಿಲ್ಲ, ಇನ್ನು ಬರಲೇಬೇಕು’ ಎಂಬ ಮಾತಿಗೆ ಆಧಾರವಿಲ್ಲ. ನೆನಪಿರುವುದು ಆಡುವವನಿಗೆ ಮಾತ್ರ, ಅದೂ ಗೆದ್ದ ದಿನದ್ದು. 1984ರಲ್ಲಿ ಇಂಗೆ ಟೆಲ್ನೆಸ್ ಎಂಬವರಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಚಕ್ರ ಎಲ್ಲಿ ನಿಲ್ಲಬೇಕೆಂಬುದನ್ನು ಅದರಲ್ಲಿ ಎಲೆಕ್ಟ್ರಾನಿಕ್ ಉಪಕರಣ ನಿರ್ಧರಿಸುತ್ತದೆ. ಕಣ್ಣಿಗೆ ಕಾಣುವ ಚಕ್ರದ ಚಿತ್ರಗಳಿಗೂ ನಿಜವಾದ ಸಂಭವಕ್ಕೂ ನೇರ ಸಂಬಂಧ ತಪ್ಪಿತು. ಗೆಲುವಿನ ಪಕ್ಕದಲ್ಲೇ ನಿಂತಂತೆ ಕಾಣುವ ಸೋಲುಗಳಿಗೆ ದಾರಿಯಾಯಿತು. ಒಂದು ಕೂದಲೆಳೆಯಲ್ಲಿ ತಪ್ಪಿತು ಎಂದು ತೋರುವ ಇಂಥ ಸೋಲುಗಳು ಮಿದುಳಿನಲ್ಲಿ ಗೆಲುವಿಗೆ ಸ್ಪಂದಿಸುವ ಭಾಗಗಳನ್ನೇ ಮುಟ್ಟುತ್ತವೆ, ಮತ್ತೆ ಆಡಬೇಕೆಂಬ ಆಸೆ ಹೆಚ್ಚಿಸುತ್ತವೆ ಎಂದು ಲೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ವರದಿ ಮಾಡಿದರು.

ಅದಕ್ಕೂ ಮುಂಚೆ, 2003ರಲ್ಲಿ, ವುಲ್ಫ್ರಾಮ್ ಷುಲ್ಟ್ಸ್ ಅವರ ತಂಡ ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುವ ಜೀವಕೋಶಗಳನ್ನು ಗಮನಿಸಿತ್ತು. ಸೂಚನೆ ಕಂಡ ಮೇಲೆ ಫಲಕ್ಕಾಗಿ ಕಾಯುವ ಹೊತ್ತಿನಲ್ಲಿ ಆ ಕೋಶಗಳ ಚಟುವಟಿಕೆ ಮೆಲ್ಲಗೆ ಏರುತ್ತಿತ್ತು. ಅದು ಅತಿ ಹೆಚ್ಚಾಗಿದ್ದದ್ದು ಫಲ ಖಂಡಿತ ಎಂದಾಗಲ್ಲ, ಖಂಡಿತ ಇಲ್ಲ ಎಂದಾಗಲೂ ಅಲ್ಲ. ಸಿಗುವುದೋ ಇಲ್ಲವೋ ಎಂಬುದು ಅರ್ಧಕ್ಕರ್ಧ ಇದ್ದಾಗ. ಅಮೆರಿಕದ ಮನೋವೈದ್ಯ ಸಂಘ 2013ರಲ್ಲಿ ತನ್ನ ಕೈಪಿಡಿಯನ್ನು ಪರಿಷ್ಕರಿಸಿದಾಗ ಜೂಜಿನ ಗೀಳನ್ನು ಮದ್ಯ, ಮಾದಕ ವ್ಯಸನಗಳ ಸಾಲಿಗೆ ಸೇರಿಸಿತು.

ಕರ್ನಾಟಕಕ್ಕೂ ಈ ನೋವು ಹೊಸದಲ್ಲ. ಓಸಿ, ಮಟ್ಕಾ, ಒಂದಂಕಿ ಲಾಟರಿಗಳ ಹೆಸರು ಕೇಳಿದರೆ ಬೆಚ್ಚುವ ಮನೆಗಳು ಎಷ್ಟೋ ಊರುಗಳಲ್ಲಿವೆ. 1998ರ ಕೇಂದ್ರದ ಲಾಟರಿ ಕಾಯ್ದೆ ಒಂದಂಕಿಯ ಮೇಲೆ ಬಹುಮಾನ ಕೊಡಬಾರದೆಂದು ವಿಧಿಸಿತು. 2007ರಲ್ಲಿ ರಾಜ್ಯ ಸರ್ಕಾರ ಲಾಟರಿಯನ್ನೇ ನಿಷೇಧಿಸಿತು. ಟಿಕೆಟ್ ಅಂಗಡಿಗಳು ಮುಚ್ಚಿದವು, ಆಟ ಫೋನಿನೊಳಕ್ಕೆ ಬಂತು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಮೊಬೈಲ್, ಇಂಟರ್‌ನೆಟ್‌ಗಳ ಅತಿಬಳಕೆಗೆ ಸಿಲುಕಿದವರಿಗಾಗಿ ಪ್ರತ್ಯೇಕ ಚಿಕಿತ್ಸಾ ವಿಭಾಗ ತೆರೆಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು.

ಹಣ ಕಟ್ಟದಿದ್ದರೂ ಕೈ ಫೋನಿನತ್ತ ಹೋಗುವುದು ತಪ್ಪುವುದಿಲ್ಲ. ತೆರೆದು ನೋಡಿದರೆ ಹೊಸ ಸಂದೇಶ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ಬೆರಳಿನಿಂದ ಪರದೆಯನ್ನು ಸರಿಸಿದಂತೆ ಹತ್ತರಲ್ಲಿ ಒಂದು ಮನಸ್ಸಿಗೆ ಹಿಡಿಸುತ್ತದೆ. ಆ ಒಂದಕ್ಕಾಗಿ ಒಂಬತ್ತನ್ನು ದಾಟಬೇಕು.

ಅದೇ ಲೆಕ್ಕ, ಬೇರೆ ಕೈ

ಇಷ್ಟು ಕೇಳಿದ ಮೇಲೆ ಈ ನಾಲ್ಕನೆಯ ಲೆಕ್ಕವನ್ನು ಪಿಶಾಚಿ ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಅದನ್ನೇ ಔಷಧ ಮಾಡಿಕೊಂಡವರಿದ್ದಾರೆ.

ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ನ್ಯಾನ್ಸಿ ಪೆಟ್ರಿ ವ್ಯಸನಿಗಳ ಚಿಕಿತ್ಸೆಯಲ್ಲಿ ತೊಡಗಿದ್ದ ಮನೋವಿಜ್ಞಾನಿ. ಕುಡಿಯದೆ ಬಂದವರಿಗೆ ಪ್ರತಿ ಸಲವೂ ಹಣ ಅಥವಾ ವೋಚರ್ ಕೊಡುವ ಪದ್ಧತಿ ಆಗಲೇ ಇತ್ತು. ಫಲವೂ ಕಂಡಿತ್ತು, ಖರ್ಚು ಮಾತ್ರ ಆಸ್ಪತ್ರೆಗಳಿಗೆ ತಾಳುವಂತಿರಲಿಲ್ಲ. ಸ್ಕಿನ್ನರ್‌ಗೆ ಗುಳಿಗೆ ಸಾಲದಾದಂತೆ ಇಲ್ಲಿ ಹಣ ಸಾಲದಾಯಿತು. ಉಪಾಯವೂ ಅದೇ ಜಾತಿಯದು. ಪರೀಕ್ಷೆಯಲ್ಲಿ ಕುಡಿದಿಲ್ಲವೆಂದು ತಿಳಿದರೆ ಒಂದು ಬೋಗುಣಿಯಿಂದ ಚೀಟಿ ಎತ್ತಬಹುದು. ಮುಂದೆ ಬಳಕೆಗೆ ಬಂದ ಕ್ರಮದಲ್ಲಿ ಚೀಟಿಗಳು 500. ಅವುಗಳಲ್ಲಿ 250ರ ಮೇಲೆ ‘ಭೇಷ್’ ಎಂಬ ಅರ್ಥದ ಮೆಚ್ಚುಗೆ ಮಾತ್ರ. 209ಕ್ಕೆ ಒಂದು ಡಾಲರಿನಷ್ಟು ಬೆಲೆಯ ವಸ್ತು, 40ಕ್ಕೆ 20 ಡಾಲರಿನದು, ಒಂದೇ ಒಂದಕ್ಕೆ 100 ಡಾಲರಿನದು. ಎಡೆಬಿಡದೆ ಸರಿಯಾಗಿದ್ದರೆ ಎತ್ತುವ ಚೀಟಿಗಳ ಸಂಖ್ಯೆ ಏರುತ್ತದೆ. ಒಮ್ಮೆ ಜಾರಿದರೆ ಮತ್ತೆ ಮೊದಲಿಗೆ.

2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 42 ಮಂದಿ ಮಾಜಿ ಸೈನಿಕರಿದ್ದರು, ಎಲ್ಲರೂ ಮದ್ಯವ್ಯಸನಿಗಳು. ಮಾಮೂಲು ಚಿಕಿತ್ಸೆ ಪಡೆದವರಲ್ಲಿ ಎಂಟು ವಾರ ಉಳಿದವರು ಶೇ. 22. ಅದರ ಜೊತೆಗೆ ಚೀಟಿಯನ್ನೂ ಎತ್ತಿದವರಲ್ಲಿ ಉಳಿದವರು ಶೇ. 84. ಆ ಅವಧಿಯಲ್ಲಿ ಮತ್ತೆ ಕುಡಿಯದೆ ಇದ್ದವರು ಮೊದಲ ಗುಂಪಿನಲ್ಲಿ ಶೇ. 39, ಎರಡನೆಯದರಲ್ಲಿ ಶೇ. 69. ಚೀಟಿ ಎತ್ತಿಸಿ ಜೂಜು ಕಲಿಸಿದಂತಾಗದೆ ಎಂಬ ಅನುಮಾನ ಸಹಜ. ಪೆಟ್ರಿ ಅದನ್ನೂ ಪರಿಶೀಲಿಸಿ, ಜೂಜಾಟ ಹೆಚ್ಚಿಲ್ಲವೆಂದು 2006ರಲ್ಲಿ ವರದಿ ಮಾಡಿದರು. ಇಲ್ಲಿ ಚೀಟಿ ಎತ್ತುವವರು ಕೈಯಿಂದ ಏನನ್ನೂ ಕಟ್ಟುವುದಿಲ್ಲ ಎಂಬುದನ್ನು ಗಮನಿಸಬೇಕು. 2011ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ಈ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಅಳವಡಿಸಿಕೊಳ್ಳಲು ತೊಡಗಿದವು. ಚೀಟಿ ನಿಂತ ಮೇಲೆ ಪರಿಣಾಮ ಕ್ರಮೇಣ ಇಳಿಯುತ್ತದೆ ಎಂಬ ಕೊರತೆಯೂ ಇದೆ. ಆದರೆ ಬದುಕು ಹಳಿಗೆ ಬರಲು ಬೇಕಾದ ಮೊದಲ ತಿಂಗಳುಗಳನ್ನು ಅದು ದೊರಕಿಸಿಕೊಡುತ್ತದೆ.

ಎಲ್ಲವೂ ಲೆಕ್ಕವೆ?

ಮನುಷ್ಯನ ನಡತೆಯನ್ನೆಲ್ಲ ಈ ಲೆಕ್ಕದಿಂದ ವಿವರಿಸಬಹುದೆಂದು ಸ್ಕಿನ್ನರ್ ಕೊನೆಯವರೆಗೂ ನಂಬಿದ್ದರು. 1990ರ ಆಗಸ್ಟ್ 18ರಂದು ಅವರು ತೀರಿಕೊಂಡರು; ಅದಕ್ಕೆ ಎಂಟು ದಿನ ಮೊದಲು ಕೂಡ ಸಭೆಯಲ್ಲಿ ಅದನ್ನೇ ವಾದಿಸಿದ್ದರು. ಎಲ್ಲರೂ ಒಪ್ಪಲಿಲ್ಲ. ಭಾಷೆಯ ಕಲಿಕೆಯನ್ನು ಹೀಗೆ ವಿವರಿಸಲಾಗದೆಂದು ನೋಮ್ ಚಾಮ್‌ಸ್ಕಿ 1959ರಲ್ಲಿ ಕಟುವಾಗಿ ಬರೆದರು. ಸ್ಕಿನ್ನರ್ ಅವರ ಶಿಷ್ಯರಾಗಿದ್ದ ಕೆಲರ್ ಮತ್ತು ಮರಿಯನ್ ಬ್ರೆಲೆಂಡ್ ದಂಪತಿ, ಪ್ರಾಣಿಗಳು ಎಷ್ಟು ಪಳಗಿದರೂ ಕೆಲವೊಮ್ಮೆ ತಮ್ಮ ಹುಟ್ಟುಗುಣಕ್ಕೇ ಮರಳುತ್ತವೆಂದು 1961ರಲ್ಲಿ ತೋರಿಸಿದರು. ಮನುಷ್ಯರನ್ನು ಪ್ರಯೋಗಕ್ಕೆ ಕೂರಿಸಿದರೆ ಪಾರಿವಾಳದ ಅಚ್ಚುಕಟ್ಟಾದ ಗೆರೆ ಅನೇಕ ಸಲ ಬರುವುದಿಲ್ಲ. ಅವರು ಮನಸ್ಸಿನಲ್ಲೇ ಎಣಿಸುತ್ತಾರೆ, ನಿಯಮ ಊಹಿಸುತ್ತಾರೆ, ತಮಗೆ ತಾವೇ ಮಾತು ಹೇಳಿಕೊಳ್ಳುತ್ತಾರೆ.

ಮನುಷ್ಯನಿಗೆ ಇರುವ ಅನುಕೂಲವೂ ಅದೇ. ಪಾರಿವಾಳಕ್ಕೆ ತನ್ನ ಪೆಟ್ಟಿಗೆಯ ಲೆಕ್ಕವನ್ನು ಓದಲಾಗದು. ಓಸಿ ಬರೆಸುವ ಅಣ್ಣನನ್ನು, ರಾತ್ರಿಯಿಡೀ ಫೋನಿನಲ್ಲಿ ಆಡಿ ಸಾಲ ಮಾಡಿಕೊಂಡ ಮಗನನ್ನು ಮನೆಯವರು ದುರಾಸೆಯವನು, ಸೋಮಾರಿ ಎಂದು ಬೈಯುವುದುಂಟು. ಸೋಮಾರಿ ಅಷ್ಟು ಹೊತ್ತು ಅಷ್ಟು ವೇಗದಲ್ಲಿ ಗುಂಡಿ ಒತ್ತಲಾರ. ಅವನ ತಪ್ಪು ಇಲ್ಲವೆಂದಲ್ಲ. ಆದರೆ ಬೈಗುಳದ ಜೊತೆಗೆ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಫಲ ಎಷ್ಟಕ್ಕೊಮ್ಮೆ ಬರುವಂತೆ ಆ ಆಟವನ್ನು ಹೊಂದಿಸಿದ್ದಾರೆ? ಹೊಂದಿಸಿದವರು ಯಾರು? ಆಡುವವನು ನಿಲ್ಲಿಸದಿದ್ದರೆ ಲಾಭ ಯಾರಿಗೆ? ಅವನು ಆಟ ಬಿಟ್ಟ ದಿನ ಮನೆಯಲ್ಲಿ ಅವನಿಗೆ ಒಂದು ‘ಭೇಷ್’ ಆದರೂ ಸಿಗುತ್ತದೆಯೆ?